ಗಡಿಕಲ್ಲು ಗಾಳಿಯನ್ನು ತಡೆಯುವುದಿಲ್ಲ

ಬೆಂಗಳೂರಿನ ಹೊರವಲಯದ ಹೆಸರಘಟ್ಟದ ಹುಲ್ಲುಗಾವಲನ್ನು ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸುವ ಪ್ರಸ್ತಾವಕ್ಕೆ 2024ರ ಅಕ್ಟೋಬರಿನಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಒಪ್ಪಿಗೆ ಕೊಟ್ಟಾಗ, ಅದೇ ಮಂಡಳಿ 2021ರ ಜನವರಿಯಲ್ಲಿ ತಳ್ಳಿಹಾಕಿದ್ದ ಬೇಡಿಕೆ ಕಡೆಗೂ ಈಡೇರಿತೆಂದು ಪರಿಸರಾಸಕ್ತರು ನಿಟ್ಟುಸಿರು ಬಿಟ್ಟರು. ಊರಿನ ಬೆಳವಣಿಗೆಗೆ ಅಡ್ಡಗಾಲು ಬಿತ್ತೆಂದು ವಿರೋಧಿಸಿದವರು ಸಿಟ್ಟಾದರು. ಎರಡೂ ಪಾಳಯಗಳು ಬಡಿದಾಡಿದ್ದು ಎಕರೆಗಳ ಲೆಕ್ಕದ ಮೇಲೆ: ಮೊದಲ ಪ್ರಸ್ತಾವ 5,010 ಎಕರೆಯದು, ಒಪ್ಪಿಗೆ ಪಡೆದದ್ದು ಸುಮಾರು 5,678 ಎಕರೆ. ಆ ಎಕರೆಗಳ ಮೇಲೆ ಆಕಾಶದಿಂದ ಏನು ಇಳಿಯುತ್ತಿದೆ ಎಂಬ ಪ್ರಶ್ನೆಗೆ ಇಷ್ಟು ದೊಡ್ಡ ವಾಗ್ವಾದದಲ್ಲಿ ಜಾಗವೇ ಸಿಗಲಿಲ್ಲ. ಗಡಿ ಗುರುತಿಸಿದರೆ ಹುಲ್ಲುಗಾವಲು ಉಳಿಯಿತು ಎಂಬ ನಂಬಿಕೆ ತಪ್ಪು ಮಾತ್ರವಲ್ಲ, ಅಪಾಯಕಾರಿಯೂ ಹೌದು.

ತುಮಕೂರು ರಸ್ತೆಯ ಎಂಟನೇ ಮೈಲಿಯಲ್ಲಿ ಕವಲೊಡೆಯುವ ಹೆಸರಘಟ್ಟ ಮುಖ್ಯರಸ್ತೆ ಬಾಗಲಗುಂಟೆ, ಚಿಕ್ಕಬಾಣಾವರಗಳನ್ನು ಹಾದು ನೇರವಾಗಿ ಆ ಬಯಲಿನತ್ತ ಹೋಗುತ್ತದೆ. ಬಾಗಲಗುಂಟೆಯ ಹತ್ತಿರವೇ ಪೀಣ್ಯದ ಕೈಗಾರಿಕಾ ಪ್ರದೇಶವಿದೆ, ಹಗಲಿರುಳೆನ್ನದೆ ಲಾರಿಗಳು ಸಾಗುವ ರಾಷ್ಟ್ರೀಯ ಹೆದ್ದಾರಿಯೂ ಇದೆ. ಇಂಜಿನ್ನುಗಳೂ ಬಾಯ್ಲರುಗಳೂ ಜನರೇಟರುಗಳೂ ಉಗುಳುವ ಸಾರಜನಕದ ಆಕ್ಸೈಡುಗಳು ಗಾಳಿಯಲ್ಲಿ ನೈಟ್ರಿಕ್ ಆಮ್ಲವಾಗಿ, ನೈಟ್ರೇಟ್ ಕಣಗಳಾಗಿ ಮಾರ್ಪಟ್ಟು ಹತ್ತಾರು ಕಿಲೋಮೀಟರ್ ಸಾಗುತ್ತವೆ. ದನದ ಕೊಟ್ಟಿಗೆ, ಕೋಳಿ ಫಾರಂ, ಚರಂಡಿ, ಯೂರಿಯಾ ಹಾಕಿದ ತೋಟಗಳಿಂದ ಏಳುವ ಅಮೋನಿಯಾ ಹುಟ್ಟಿದ ಜಾಗದ ಹತ್ತಿರವೇ ಸಾಕಷ್ಟು ಪಾಲು ಇಳಿಯುತ್ತದೆ. ಹೀಗೆ ಗಾಳಿಯಿಂದ ನೆಲಕ್ಕೆ ಸಾರಜನಕ ಸೇರುವುದನ್ನು ವಿಜ್ಞಾನಿಗಳು ವಾಯುಮಂಡಲದ ಸಾರಜನಕ ನಿಕ್ಷೇಪ ಎನ್ನುತ್ತಾರೆ. ಗಾಳಿಯ ಶೇ 78 ಭಾಗ ಸಾರಜನಕವೇ ಆಗಿರುವಾಗ ಇದಕ್ಕೇಕೆ ಗಾಬರಿ ಎಂದು ಕೇಳುವವರು ತಿಳಿಯಬೇಕಾದದ್ದು, ಆ ಶೇ 78 ಭಾಗ ಗಿಡಗಳಿಗೆ ನೇರವಾಗಿ ದಕ್ಕದ ಜಡ ಅನಿಲವೆಂಬುದನ್ನು; ಇಲ್ಲಿ ಮಾತು ನಡೆದಿರುವುದು ಬೇರು ತಕ್ಷಣ ಹೀರಬಲ್ಲ, ಮಣ್ಣಿನ ರಸಾಯನವನ್ನೇ ಕದಡಬಲ್ಲ ಸಾರಜನಕದ ಬಗ್ಗೆ.

ಮಣ್ಣಿನೊಳಗೆ ಆಗುವ ಕೆಡುಕನ್ನು ಹತ್ತಿರದಿಂದ ನೋಡಬೇಕು. ಹೆಸರಘಟ್ಟದ ಸುತ್ತಿನದು ಕೆಂಪು ಮರಳುಮಿಶ್ರಿತ ಮಣ್ಣು. ಸಾವಯವ ಅಂಶ ಕಡಿಮೆ, ಆಮ್ಲವನ್ನು ತಡೆದುಕೊಳ್ಳುವ ಶಕ್ತಿಯೂ ಕಡಿಮೆ. ಡಿಸೆಂಬರಿನಿಂದ ಮಾರ್ಚಿನವರೆಗೆ ಒಣಗಿದ ಹುಲ್ಲಿನ ಮೇಲೂ ಕಲ್ಲುಹರಳಿನ ಮೇಲೂ ಕೂತ ಸಾರಜನಕದ ಪುಡಿ ಮುಂಗಾರುಪೂರ್ವದ ಮೊದಲ ಮಳೆಗೆ ಒಮ್ಮೆಲೇ ಕರಗಿ ನೆಲಕ್ಕಿಳಿಯುತ್ತದೆ. ಅಮೋನಿಯಂ ಅಂಶವನ್ನು ಮಣ್ಣಿನ ಬ್ಯಾಕ್ಟೀರಿಯಾಗಳು ನೈಟ್ರೇಟ್ ಮಾಡುವಾಗ ಆಮ್ಲ ಬಿಡುಗಡೆಯಾಗುತ್ತದೆ. ಬೇರುಗಳಿಗೆ ಸಿಗದೆ ಉಳಿದ ನೈಟ್ರೇಟ್ ನೀರಿನೊಂದಿಗೆ ಕೆಳಕ್ಕೆ ಬಸಿಯುವಾಗ ಸುಣ್ಣದ ಅಂಶ, ಮೆಗ್ನೀಸಿಯಂ, ಪೊಟ್ಯಾಷಿಯಂಗಳನ್ನು ಜೊತೆಗೆ ಎಳೆದೊಯ್ಯುತ್ತದೆ. ಹುಳಿಯಾದ ಮಣ್ಣಿನಲ್ಲಿ ಅಲ್ಲಿಯವರೆಗೆ ಖನಿಜಗಳಲ್ಲಿ ಸೆರೆಯಾಗಿದ್ದ ಅಲ್ಯೂಮಿನಿಯಂ ಕರಗಿ ಎಳೆ ಬೇರುಗಳಿಗೆ ವಿಷವಾಗುತ್ತದೆ. ಬೇರಿನೊಡನೆ ಕೂಡಿ ಬಾಳುತ್ತ ರಂಜಕವನ್ನು ಹುಡುಕಿ ತಂದುಕೊಡುವ, ಮೈಕೊರೈಜಾ ಎಂದು ಕರೆಯಲಾಗುವ ಶಿಲೀಂಧ್ರಗಳು ಕ್ಷೀಣಿಸುತ್ತವೆ. ತಮ್ಮ ಬೇರುಗಂಟುಗಳಲ್ಲಿ ತಾವೇ ಸಾರಜನಕ ಕೂಡಿಸಿಕೊಳ್ಳುವ ದ್ವಿದಳ ಗಿಡಗಳು ಇದ್ದ ಒಂದೇ ಮೇಲುಗೈಯನ್ನೂ ಕಳೆದುಕೊಂಡು ಹಿಂದೆ ಬೀಳುತ್ತವೆ.

ಸಾರಜನಕವೆಂದರೆ ಗೊಬ್ಬರ, ಗೊಬ್ಬರ ಬಿದ್ದರೆ ಹುಲ್ಲು ಹುಲುಸಾಗುತ್ತದೆ, ಅದರಿಂದ ನಷ್ಟವೇನು ಎಂಬ ವಾದವನ್ನು ಕೃಷಿಯ ಬಗ್ಗೆ ಬಲ್ಲವರೂ ಆಡುತ್ತಾರೆ ಎಂಬುದು ಸಂಕಟದ ವಿಷಯ. ರಾಗಿ ಹೊಲಕ್ಕೂ ಕಾವಲೆಂಬ ಹುಲ್ಲುಗಾವಲಿಗೂ ಇರುವ ವ್ಯತ್ಯಾಸ ತಿಳಿಯದವರ ಮಾತಿದು. ಹೊಲದಲ್ಲಿ ಬೇಕಾದದ್ದು ಒಂದೇ ಬೆಳೆ. ಕಾವಲಿನಲ್ಲಿ ಕರಡ, ಹಂಚಿ, ಗರಿಕೆ ಮೊದಲಾದ ಹುಲ್ಲುಗಳೂ ಅವುಗಳ ನಡುವೆ ಮಳೆಗಾಲಕ್ಕೆ ಮಾತ್ರ ತಲೆಯೆತ್ತುವ ನೂರಾರು ಬಗೆಯ ಚಿಕ್ಕ ಗಿಡಗಳೂ ಒಟ್ಟಿಗೆ ಬದುಕಿರುವುದು ಮಣ್ಣು ಬಡವಾಗಿರುವುದರಿಂದಲೇ. ಬಡತನವೇ ಅಲ್ಲಿನ ನ್ಯಾಯ. ಮಣ್ಣಿಗೆ ಸಾರಜನಕ ಸುರಿದೊಡನೆ ಎತ್ತರಕ್ಕೆ ಬೇಗ ಬೆಳೆಯುವ ಒಂದೆರಡು ಜಾತಿಗಳು ಬೆಳಕನ್ನೆಲ್ಲ ಕಸಿದುಕೊಳ್ಳುತ್ತವೆ, ಪಾರ್ಥೇನಿಯಂನಂಥ ಕಳೆಗಳಿಗೆ ಬಾಗಿಲು ತೆರೆಯುತ್ತದೆ, ನೆಲದಲ್ಲಿ ಗೂಡು ಕಟ್ಟುವ ನೆಲಗುಬ್ಬಿಗೂ ಚಳಿಗಾಲದಲ್ಲಿ ವಲಸೆ ಬರುವ ಸೆಳೆವ ಹಕ್ಕಿಗಳಿಗೂ ಬೇಕಾದ ತೆರೆದ ಬಯಲು ಮುಚ್ಚಿಕೊಳ್ಳುತ್ತದೆ.

ಇದು ಊಹೆಯಲ್ಲ. ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ 1856ರಲ್ಲಿ ಶುರುವಾಗಿ ಇಂದಿಗೂ ನಡೆಯುತ್ತಿರುವ ಹುಲ್ಲುಗಾವಲಿನ ಪ್ರಯೋಗದಲ್ಲಿ, ಗೊಬ್ಬರ ಕಾಣದ ಪಟ್ಟೆಗಳಲ್ಲಿ ಮೂವತ್ತಕ್ಕೂ ಹೆಚ್ಚು ಜಾತಿಯ ಸಸ್ಯಗಳಿದ್ದರೆ, ಸುಣ್ಣ ಹಾಕದೆ ಅಮೋನಿಯಂ ಸಲ್ಫೇಟನ್ನು ಹೇರಳವಾಗಿ ಸುರಿದ ಪಟ್ಟೆಗಳ ಮಣ್ಣು ಪಿಎಚ್ 4ಕ್ಕಿಂತ ಕೆಳಗಿಳಿದು, ಬೆರಳೆಣಿಕೆಯ ಜಾತಿಗಳಷ್ಟೇ ಉಳಿದಿವೆ. ಅದು ಕೈಯಾರೆ ಹಾಕಿದ ಗೊಬ್ಬರವೆಂದು ತಳ್ಳಿಹಾಕುವವರಿಗೆ 2004ರಲ್ಲಿ ಪ್ರಕಟವಾದ ಅಧ್ಯಯನವೇ ಉತ್ತರ: ಬ್ರಿಟನ್ನಿನ 68 ಹುಲ್ಲುಗಾವಲುಗಳನ್ನು ನೋಡಿದಾಗ, ಗಾಳಿಯಿಂದ ವರ್ಷಕ್ಕೆ ಹೆಕ್ಟೇರಿಗೆ ಇಳಿಯುವ ಪ್ರತಿ ಎರಡೂವರೆ ಕಿಲೋ ಸಾರಜನಕಕ್ಕೆ ನಾಲ್ಕು ಚದರ ಮೀಟರಿನ ಚೌಕದಲ್ಲಿ ಒಂದು ಜಾತಿ ಕಣ್ಮರೆಯಾಗಿತ್ತು. ಎರಡೂವರೆ ಕಿಲೋ ಸಾರಜನಕವೆಂದರೆ ಐದೂವರೆ ಕಿಲೋ ಯೂರಿಯಾ; ನಮ್ಮ ರೈತರು ತರುವ 45 ಕಿಲೋ ಚೀಲದ ಎಂಟನೆಯ ಒಂದು ಭಾಗ, ಅದೂ ಎರಡೂವರೆ ಎಕರೆಯ ಮೇಲೆ, ವರ್ಷವಿಡೀ.

ಇನ್ನು ಕಾನೂನು. 2009ರ ನವೆಂಬರಿನಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಹೊರಡಿಸಿದ ವಾಯು ಗುಣಮಟ್ಟದ ಮಾನದಂಡದಲ್ಲಿ ಅಮೋನಿಯಾದ ವಾರ್ಷಿಕ ಮಿತಿ ಘನಮೀಟರಿಗೆ 100 ಮೈಕ್ರೋಗ್ರಾಂ. ಪರಿಸರಸೂಕ್ಷ್ಮ ಪ್ರದೇಶಗಳಿಗೆ ನೈಟ್ರೋಜನ್ ಡೈಆಕ್ಸೈಡಿನ ಮಿತಿಯನ್ನು 40ರಿಂದ 30ಕ್ಕೆ ಇಳಿಸಿದ ಅದೇ ಅಧಿಸೂಚನೆ, ಅಮೋನಿಯಾದ ವಿಷಯದಲ್ಲಿ ಕಾಡಿಗೂ ಕಾರ್ಖಾನೆಗೂ ಒಂದೇ 100 ಎಂದಿತು. ಯುರೋಪಿನಲ್ಲಿ ಸಸ್ಯಗಳಿಗೆ ಹಾನಿ ಶುರುವಾಗುವ ಮಟ್ಟವೆಂದು ವಿಜ್ಞಾನಿಗಳು ಒಪ್ಪಿಕೊಂಡಿರುವ ಅಂಕೆ 3. ಕಲ್ಲುಹೂವು, ಪಾಚಿಗಳಿಗೆ 1. ಅಲ್ಲಿ 3, ಇಲ್ಲಿ 100. ಸಸ್ಯಗಳಿಗೆ ಹಾನಿ ಶುರುವಾಗುವ ಮಟ್ಟದ ಮೂವತ್ತು ಪಟ್ಟು ಅಮೋನಿಯಾ ಹೆಸರಘಟ್ಟದ ಮೇಲೆ ನಿಂತಿದ್ದರೂ, ಅಲ್ಲಿನ ಗಾಳಿ ಕಾನೂನಿನ ಪ್ರಕಾರ ಶುದ್ಧವೇ. 2019ರ ಮಾರ್ಚಿನಲ್ಲಿ ನೈರೋಬಿಯಲ್ಲಿ ಸೇರಿದ್ದ ವಿಶ್ವಸಂಸ್ಥೆಯ ಪರಿಸರ ಸಭೆಯಲ್ಲಿ ಸಾರಜನಕದ ಸುಸ್ಥಿರ ನಿರ್ವಹಣೆಯ ನಿರ್ಣಯವನ್ನು ಮುಂದಿಟ್ಟದ್ದು ಭಾರತವೇ. ಅಲ್ಲಿ ಜಗತ್ತಿಗೆ ದಾರಿ ತೋರಿದ ದೇಶ ತನ್ನದೇ ಮಾನದಂಡದಲ್ಲಿ 100 ಎಂಬ ಅಂಕೆಯನ್ನು ಮುಂದುವರಿಸಿರುವುದು ಕರ್ತವ್ಯಲೋಪವಲ್ಲದೆ ಬೇರೇನೂ ಅಲ್ಲ. ಅದೇ ವರ್ಷ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲೂ ನಗರಗಳ ಸಾಧನೆಯನ್ನು ಅಳೆಯುವುದು ಮುಖ್ಯವಾಗಿ ದೂಳಿನ ಕಣಗಳಿಂದ. ಹುಲ್ಲಿನ ಬೇರಿನ ಗತಿ ಅಲ್ಲಿ ಯಾರ ಲೆಕ್ಕಕ್ಕೂ ಬರುವುದಿಲ್ಲ.

ಈ ಅಸಡ್ಡೆಯ ಬೇರು ಹಳೆಯದು. ಮರವಿಲ್ಲದ ನೆಲವೆಲ್ಲ ಪಾಳು ಎಂಬ ಭಾವನೆ ಕಂದಾಯ ಇಲಾಖೆಯ ಕಡತಗಳಲ್ಲಿ ಬ್ರಿಟಿಷರ ಕಾಲದಿಂದ ಬೇರೂರಿದೆ. ಮೈಸೂರು ಅರಸರು ಅಮೃತಮಹಲ್ ದನಗಳಿಗೆಂದು ಕಾಪಾಡಿದ್ದ ಕಾವಲುಗಳನ್ನು ಒಂದೊಂದಾಗಿ ಕತ್ತರಿಸಲಾಯಿತು. ಚಳ್ಳಕೆರೆಯಲ್ಲಿ ಸುಮಾರು 10,000 ಎಕರೆ ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ ಸಂಸ್ಥೆಗಳ ಪಾಲಾದಾಗ ಕುರಿಗಾಹಿಗಳ ಮಾತು ಯಾರ ಕಿವಿಗೂ ಬೀಳಲಿಲ್ಲ. ಉಳಿದ ಗೋಮಾಳಗಳಲ್ಲಿ ನೀಲಗಿರಿ, ಅಕೇಶಿಯಾ ನೆಟ್ಟು ಅದನ್ನೇ ಹಸಿರೀಕರಣವೆಂದು ಕರೆಯಲಾಯಿತು. ಹುಲ್ಲನ್ನು ಹುಲ್ಲಾಗಿ ನೋಡಲು ಒಪ್ಪದ ಆಡಳಿತಕ್ಕೆ ಹುಲ್ಲಿನ ಕೆಳಗಿನ ಮಣ್ಣು ಕಾಣಿಸದಿರುವುದರಲ್ಲಿ ಆಶ್ಚರ್ಯವಿಲ್ಲ, ಆದರೆ ಕ್ಷಮೆಯೂ ಇಲ್ಲ.

ವನ್ಯಜೀವಿ ಸಂರಕ್ಷಣಾ ಕಾಯ್ದೆಯ 36ಬಿ ಕಲಮಿನ ಪ್ರಕಾರ ಸಂರಕ್ಷಣಾ ಮೀಸಲಿನ ನಿರ್ವಹಣಾ ಸಮಿತಿಯಲ್ಲಿ ಅರಣ್ಯ ಇಲಾಖೆಯವರು, ಗ್ರಾಮ ಪಂಚಾಯಿತಿಗಳ ಪ್ರತಿನಿಧಿಗಳು, ಮೂವರು ಸ್ವಯಂಸೇವಾ ಸಂಸ್ಥೆಯವರು, ಕೃಷಿ ಮತ್ತು ಪಶುಸಂಗೋಪನೆ ಇಲಾಖೆಯವರು ಇರಬೇಕು. ಮಾಲಿನ್ಯ ನಿಯಂತ್ರಣ ಮಂಡಳಿಯ ಹೆಸರು ಅಲ್ಲಿಲ್ಲ. ಕಾಯ್ದೆ ತಿದ್ದುವವರೆಗೆ ಕಾಯಬೇಕಿಲ್ಲ. ಆ ಮಂಡಳಿಯ ಅಧಿಕಾರಿಯನ್ನು ಸಭೆಗೆ ಕರೆಯುವುದನ್ನು ಯಾವ ಕಲಮೂ ತಡೆಯುವುದಿಲ್ಲ. ಮಳೆನೀರು ಹಿಡಿದು ಅದರಲ್ಲಿನ ಅಮೋನಿಯಂ, ನೈಟ್ರೇಟ್ ಅಳೆಯುವ ಸರಳ ಸಂಗ್ರಾಹಕಗಳನ್ನೂ ಅಮೋನಿಯಾ ಹಿಡಿಯುವ ಅಗ್ಗದ ಮಾಪಕಗಳನ್ನೂ ಬಾಗಲಗುಂಟೆಯಿಂದ ಹೆಸರಘಟ್ಟದವರೆಗೆ ಸಾಲಾಗಿ ಇಟ್ಟು, ಹುಲ್ಲುಗಾವಲಿನ ಮಣ್ಣಿನ ಪಿಎಚ್ ಅನ್ನು ಪ್ರತಿ ಬೇಸಿಗೆಯ ಕೊನೆಗೆ ದಾಖಲಿಸಿ, ಆ ಅಂಕಿಗಳನ್ನು ಸುತ್ತಲಿನ ಪಂಚಾಯಿತಿಗಳ ಫಲಕದ ಮೇಲೆ ಕನ್ನಡದಲ್ಲಿ ಹಾಕಬೇಕು. ಕೇಂದ್ರವು ಅಮೋನಿಯಾದ 100ನ್ನು ಸೂಕ್ಷ್ಮ ಪ್ರದೇಶಗಳಿಗಾದರೂ ಒಂದಂಕಿಗೆ ಇಳಿಸಬೇಕು. 5,678 ಎಕರೆಗಾಗಿ ಹೋರಾಡಿದವರು ಈ ಎರಡು ಬೇಡಿಕೆಗಳನ್ನು ಹಿಡಿದು ಮತ್ತೆ ಬೀದಿಗಿಳಿಯಬೇಕು.