ಮನಸ್ಸಿನ ಬೇನೆಗೂ ಮದ್ದುಂಟು

ಜ್ವರ ಬಂದ ಮಗುವನ್ನು ಆಸ್ಪತ್ರೆಗೆ ಒಯ್ಯುವ ನಾವು, ಮನಸ್ಸು ನೊಂದರೆ ಊರವರು ಏನೆಂದಾರೋ ಎಂದು ಮುಚ್ಚಿಡುತ್ತೇವೆ. ಇದು ಸಲ್ಲದು.

ಕೊರೋನಾ ಕಾಲದಲ್ಲಿ ಶಾಲೆ ಮುಚ್ಚಿತು, ಗೆಳೆಯರ ಒಡನಾಟ ತಪ್ಪಿತು. ಅಮೆರಿಕದಲ್ಲಿ, ಆತ್ಮಹತ್ಯಾ ಯತ್ನದ ಶಂಕೆಯಿಂದ ತುರ್ತು ಚಿಕಿತ್ಸೆಗೆ ಬಂದ 12ರಿಂದ 17 ವರ್ಷದ ಹುಡುಗಿಯರ ಸಂಖ್ಯೆ 2021ರ ಫೆಬ್ರವರಿ-ಮಾರ್ಚಿನಲ್ಲಿ, 2019ರ ಅದೇ ಅವಧಿಗಿಂತ ಶೇಕಡಾ 51ರಷ್ಟು ಹೆಚ್ಚಿತ್ತು. ನಮ್ಮ ಕೇರಳವೂ 2020ರಲ್ಲಿ ಮಕ್ಕಳಿಗಾಗಿ ‘ಚಿರಿ’ (ನಗು) ಎಂಬ ದೂರವಾಣಿ ನೆರವನ್ನು ತೆರೆಯಬೇಕಾಯಿತು.

ಹೆತ್ತವರೇ, ಮಗು ಊಟ, ನಿದ್ದೆ, ಮಾತು ಬಿಟ್ಟು ಕುಳಿತರೆ ಗದರಬೇಡಿರಿ, ಕೇಳಿಸಿಕೊಳ್ಳಿರಿ. ವೈದ್ಯರು ಆಸ್ಪತ್ರೆಯಲ್ಲಿರಿಸಬೇಕೆಂದರೆ ಹಿಂಜರಿಯಬೇಡಿರಿ. ಅದು ಮನೆತನಕ್ಕೆ ಕಳಂಕವಲ್ಲ, ಚಿಕಿತ್ಸೆ.

ಮಕ್ಕಳೇ, ಹೇಳಿಕೊಳ್ಳಲು ಯಾರೂ ಇಲ್ಲವೆನಿಸಿದರೆ ‘ಟೆಲಿ-ಮಾನಸ್’ 14416ಕ್ಕೆ ಕರೆಮಾಡಿರಿ. ಹಗಲಿರುಳೂ ಕೇಳುವವರಿದ್ದಾರೆ.