ಅವಳ ಪಿಎಫ್, ಅವಳ ಲೆಕ್ಕ

2016ರ ಏಪ್ರಿಲ್‌ 18 ಮತ್ತು 19ರಂದು ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳ ಸಾವಿರಾರು ಹೆಣ್ಣುಮಕ್ಕಳು ಬೀದಿಗಿಳಿದದ್ದು ಸಂಬಳ ಹೆಚ್ಚಿಸಿ ಎಂದಲ್ಲ. ತಮ್ಮದೇ ಪಿಎಫ್ ಹಣ ತಮಗೆ ಬೇಕೆಂದು. ಮಾಲೀಕರ ಪಾಲನ್ನು 58 ತುಂಬುವವರೆಗೆ ತೆಗೆಯುವಂತಿಲ್ಲ ಎಂಬ ನಿಯಮವನ್ನು ಕೇಂದ್ರ ಸರ್ಕಾರ ಎರಡನೇ ದಿನವೇ ಹಿಂದಕ್ಕೆ ಪಡೆಯಿತು. ಬಡ ಹೆಣ್ಣಿನ ತಾಳ್ಮೆಯನ್ನು ಕೊಂಡಾಡುವ ನಾವು ಅವಳ ಲೆಕ್ಕಾಚಾರವನ್ನು ಗಮನಿಸುವುದು ಕಡಿಮೆ.

ಪಿಎಫ್ ಇರುವುದೇ ಮುಪ್ಪಿಗೆ, ಈಗಲೇ ಖರ್ಚಾದರೆ ಮುಂದೇನು ಎಂಬ ಆಕ್ಷೇಪ ತಳ್ಳಿಹಾಕುವಂಥದ್ದಲ್ಲ. ಆದರೆ ಅದು 58ರವರೆಗೂ ಕೆಲಸ ಉಳಿಯುವವರ ತರ್ಕ. ಹೊಲಿಗೆ ಯಂತ್ರದ ಮುಂದೆ ದಿನವಿಡೀ ಕೂತು, ಗಂಟೆಗಿಷ್ಟು ಪೀಸು ಎಂಬ ಗುರಿಯ ಬೆನ್ನು ಹತ್ತುವವರಲ್ಲಿ ಅನೇಕರು ಹೆರಿಗೆ, ಮಗುವಿನ ಆರೈಕೆ, ಬೆನ್ನುನೋವು ಎಂದು ಅದಕ್ಕೆ ಎಷ್ಟೋ ಮೊದಲೇ ಕೆಲಸ ಬಿಡುತ್ತಾರೆ. ಐದು ವರ್ಷ ತುಂಬದವರಿಗೆ ಆಗ ಗ್ರಾಚ್ಯುಟಿಯೂ ಇರಲಿಲ್ಲ. ಮಗಳ ಕಾಲೇಜು ಫೀಸು, ಕೈಸಾಲ, ಬಾಡಿಗೆ ಮನೆಯ ಅಡ್ವಾನ್ಸು ಇವಕ್ಕೆಲ್ಲ ಒಟ್ಟಿಗೆ ಕೈಗೆ ಸಿಗುವ ದೊಡ್ಡ ಮೊತ್ತ ಈ ಪಿಎಫ್ ಒಂದೇ. (ಬ್ಯಾಂಕು ಅವಳನ್ನು ನಂಬಲು ಹಿಂದೆಮುಂದೆ ನೋಡುತ್ತದೆ, ಬಡ್ಡಿಯವನು ನೋಡುವುದಿಲ್ಲ.) ಅವಳ ಮುಪ್ಪಿನ ಚಿಂತೆ ನಿಜಕ್ಕೂ ಇದ್ದರೆ, ಬದುಕಲು ಸಾಲುವ ಕನಿಷ್ಠ ವೇತನವನ್ನೂ ಕಾರ್ಖಾನೆಯ ಪಕ್ಕದಲ್ಲೇ ಕೂಸಿನ ಮನೆಯನ್ನೂ ಮೊದಲು ಕೊಡಬೇಕು, ಉಳಿತಾಯಕ್ಕೆ ಬೀಗ ಹಾಕುವ ಮಾತು ಆಮೇಲೆ.