ಗೊತ್ತಾಗದಂತೆ ಬಿಡಿಸಬಹುದೆ?

ಬಸ್ ನಿಲ್ದಾಣದ ಗೋಡೆಯ ಮೇಲೆ, ಕರೆಂಟು ಕಂಬಗಳ ಮೇಲೆ ಆಗಾಗ ಒಂದು ಭರವಸೆ ಕಣ್ಣಿಗೆ ಬೀಳುತ್ತದೆ: ಕುಡಿಯುವವರಿಗೆ ಗೊತ್ತಾಗದಂತೆ ಕುಡಿತ ಬಿಡಿಸುತ್ತೇವೆ. ಈ ಮಾತಿಗೆ ಮನಸೋಲುವ ಹೆಂಡತಿಯನ್ನೋ ತಾಯಿಯನ್ನೋ ದೂರುವ ಹಕ್ಕು ಯಾರಿಗೂ ಇಲ್ಲ. ಆಸ್ಪತ್ರೆಗೆ ಹೋಗೋಣ ಎಂದರೆ ‘ನನಗೇನು ಹುಚ್ಚು ಹಿಡಿದಿದೆಯಾ?’ ಎಂದು ತಟ್ಟೆ ಎಸೆಯುವವನೊಡನೆ ಬಾಳುವವಳಿಗೆ, ಸಾರಿನಲ್ಲಿ ಒಂದು ಚಿಟಿಕೆ ಪುಡಿ ಬೆರೆಸಿದರೆ ಸಾಕು ಎನ್ನುವ ಮಾತು ದೇವರೇ ಆಡಿದಂತೆ ಕೇಳಿಸುತ್ತದೆ. ಆದರೂ ಕೇಳಲೇಬೇಕು: ಕುಡಿಯುವವನ ಅರಿವಿಗೆ ಬಾರದೆ ಅವನಿಗೆ ಚಿಕಿತ್ಸೆ ಕೊಡಲು ಸಾಧ್ಯವೆ? ಸಾಧ್ಯವಿಲ್ಲ ಎಂಬುದು ನನ್ನ ಉತ್ತರ. ಅದಕ್ಕೆ ನೀತಿಯ ಕಾರಣ ಇದ್ದೇ ಇದೆ. ಅದಕ್ಕಿಂತ ಗಟ್ಟಿಯಾದ ಕಾರಣ ವೈದ್ಯಶಾಸ್ತ್ರದಲ್ಲಿದೆ.

ಗುಟ್ಟಾಗಿ ಅರೆದು ಕೊಡುವ ಮಾತ್ರೆಗಳಲ್ಲಿ ಡೈಸಲ್ಫಿರಾಂ ಒಂದು. ಅದರ ಗುಣವನ್ನು 1940ರ ದಶಕದ ಕೊನೆಗೆ ಗುರುತಿಸಿದವರು ಡೆನ್ಮಾರ್ಕಿನ ಯೆನ್ಸ್ ಹಾಲ್ಡ್ ಮತ್ತು ಎರಿಕ್ ಯಾಕೋಬ್ಸೆನ್. ಹೊಟ್ಟೆಗಿಳಿದ ಮದ್ಯ ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಾಗುತ್ತದೆ. ಅದನ್ನು ಮುಂದಕ್ಕೆ ಒಡೆಯುವ ಕಿಣ್ವವನ್ನು ಈ ಮಾತ್ರೆ ತಡೆದು ನಿಲ್ಲಿಸುತ್ತದೆ. ಮಾತ್ರೆಯ ಮೇಲೆ ಕುಡಿದರೆ ಮುಖ ಕೆಂಪೇರುತ್ತದೆ, ಎದೆ ಡವಗುಟ್ಟುತ್ತದೆ, ವಾಂತಿಯಾಗುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಹೃದಯದ ಕಾಯಿಲೆ ಇದ್ದವನ ಜೀವಕ್ಕೇ ಅಪಾಯ. ಗೊತ್ತಿಲ್ಲದೆ ತಿಂದವನು ಎಂದಿನಂತೆ ಬಾರಿಗೆ ಹೋಗುತ್ತಾನೆ, ಎಂದಿನಷ್ಟೇ ಕುಡಿಯುತ್ತಾನೆ.

ಇದೇ ಮಾತ್ರೆಯ ಅಧ್ಯಯನಗಳು ಇನ್ನೊಂದು ಸತ್ಯವನ್ನೂ ಹೇಳುತ್ತವೆ. ನುಂಗುತ್ತಿರುವುದು ಡೈಸಲ್ಫಿರಾಂ ಎಂದು ರೋಗಿಗೆ ತಿಳಿದಿದ್ದ ಪ್ರಯೋಗಗಳಲ್ಲಿ ಅದು ಚೆನ್ನಾಗಿ ಕೆಲಸ ಮಾಡಿದೆ. ಅಸಲಿ ಮಾತ್ರೆಯೋ ಹುಸಿ ಮಾತ್ರೆಯೋ ತಿಳಿಯದಂತೆ ಕೊಟ್ಟ ಪ್ರಯೋಗಗಳಲ್ಲಿ ಎರಡರ ನಡುವಿನ ಅಂತರ ಹೆಚ್ಚುಕಡಿಮೆ ಅಳಿಸಿಹೋಗಿದೆ. ‘ಮಾತ್ರೆ ನುಂಗಿದ್ದೇನೆ, ಇವತ್ತು ಕುಡಿಯುವಂತಿಲ್ಲ’ ಎಂಬ ಬೆಳಗಿನ ತೀರ್ಮಾನವೇ ಸಂಜೆಯ ತನಕ ಕಾಯುವುದು. ಹೆಂಡತಿ ಅದನ್ನು ಅವನ ಒಪ್ಪಿಗೆಯಿಂದ, ಎದುರಿಗೇ ಕೊಟ್ಟು ನುಂಗಿಸಿದರೆ ಫಲ ಹೆಚ್ಚು. ಗುಟ್ಟು ಮಾಡಿದ ಕೂಡಲೇ ಔಷಧದ ಅರ್ಧ ಸತ್ತ್ವ ಹೋಯಿತು. ಗುಟ್ಟು ಬಯಲಾದ ದಿನ ಮನೆಯ ಊಟದ ಮೇಲಿನ ನಂಬಿಕೆಯೂ ಹೋಯಿತು.

ಆಣೆ ಹಾಕಿಸುವುದು ನಮ್ಮಲ್ಲಿ ಇನ್ನೊಂದು ದಾರಿ. ದೇವರ ಮುಂದೆ ನಿಲ್ಲಿಸಿ ‘ಇವತ್ತಿಗೆ ಕೊನೆ’ ಎನ್ನಿಸುತ್ತೇವೆ. ವರ್ಷಗಟ್ಟಲೆ ದಿನವೂ ವಿಪರೀತ ಕುಡಿದ ದೇಹ ಆ ಮಾತನ್ನು ಕೇಳುವುದಿಲ್ಲ. ಮೊದಲ ದಿನವೇ ಕೈನಡುಕ, ಬೆವರು, ನಿದ್ದೆಗೇಡು. ಕೆಲವರಿಗೆ ಎರಡು ದಿನದೊಳಗೆ ಫಿಟ್ಸ್, ಆಮೇಲೆ ಇಲ್ಲದ್ದು ಕಾಣುವ, ದಿಕ್ಕು ತಪ್ಪುವ ಸನ್ನಿ. 2020ರ ಮಾರ್ಚ್‌ನ ಲಾಕ್‌ಡೌನಿನಲ್ಲಿ ಮದ್ಯದಂಗಡಿಗಳು ಒಮ್ಮೆಲೇ ಮುಚ್ಚಿದಾಗ ಬೆಂಗಳೂರಿನ ಆಸ್ಪತ್ರೆಗಳು ಇಂಥವರನ್ನು ಕಂಡವು. ಈ ಕೆಲವು ದಿನಗಳಿಗೆ ವೈದ್ಯರು ಬೇಕು, ನಡುಕ ತಡೆಯುವ ಮಾತ್ರೆ ಬೇಕು, ಮಿದುಳನ್ನು ಉಳಿಸುವ ಥಯಮಿನ್ ಬೇಕು. ಆಣೆ ಮುರಿದವನನ್ನು ಮಾತಿಗೆ ತಪ್ಪಿದವನೆಂದು ಬೈಯುವ ಮೊದಲು, ಅವನು ಮತ್ತೆ ಬಾಟಲಿ ಮುಟ್ಟಿದ್ದು ಆ ನಡುಕ ತಾಳಲಾರದೆ ಇರಬಹುದೆಂದು ಯೋಚಿಸಬೇಕು. ಮರಳಿ ಕುಡಿಯುವುದು ಈ ಕಾಯಿಲೆಯ ಲಕ್ಷಣ. ಸಕ್ಕರೆ ಏರಿತೆಂದು ಮಧುಮೇಹದವರನ್ನು ಯಾರೂ ಮನೆಯಿಂದ ಹೊರಹಾಕುವುದಿಲ್ಲ.

ಹಾಗೆಂದು ಎಲ್ಲರಿಗೂ ಆಸ್ಪತ್ರೆಯ ಮಂಚ ಬೇಕಿಲ್ಲ. ಕುಡಿತದ ಸೆಳೆತ ತಗ್ಗಿಸುವ ನಾಲ್ಟ್ರೆಕ್ಸೋನ್, ಬಿಟ್ಟವರು ಬಿಟ್ಟಂತೆಯೇ ಇರಲು ನೆರವಾಗುವ ಅಕಾಂಪ್ರೊಸೇಟ್ ನಮ್ಮಲ್ಲೂ ಸಿಗುತ್ತವೆ. ಗೋವೆಯಲ್ಲಿ ವೈದ್ಯರಲ್ಲದ ಸ್ಥಳೀಯರಿಗೇ ತರಬೇತಿ ಕೊಟ್ಟು, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಅಪಾಯ ತರುವಷ್ಟು ಕುಡಿಯುವ ಗಂಡಸರೊಡನೆ ಹೆಚ್ಚೆಂದರೆ ನಾಲ್ಕು ಭೇಟಿಗಳಷ್ಟು ಮಾತಾಡಿಸಲಾಯಿತು. 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಪ್ರಕಟಿಸಿದ ಫಲಿತಾಂಶದಂತೆ ಮೂರು ತಿಂಗಳ ಬಳಿಕ ಅಪಾಯದ ಮಟ್ಟದಿಂದ ಕೆಳಗಿಳಿದವರು ಆ ಗುಂಪಿನಲ್ಲಿ ಶೇ 36, ಮಾಮೂಲಿ ಆರೈಕೆಯ ಗುಂಪಿನಲ್ಲಿ ಶೇ 26. ದೊಡ್ಡ ಪವಾಡವೇನಲ್ಲ. ಆದರೆ ಇಷ್ಟು ಕಡಿಮೆ ಖರ್ಚಿನಲ್ಲಿ, ಒಬ್ಬ ಮನುಷ್ಯ ಇನ್ನೊಬ್ಬನ ಮಾತು ಕೇಳಿಸಿಕೊಂಡದ್ದರಿಂದ ಆದದ್ದು ಇದು. ನಮ್ಮ ತಾಲ್ಲೂಕುಗಳಲ್ಲಿ ಯಾಕಾಗಬಾರದು? ಕೇಂದ್ರ ಸರ್ಕಾರ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದರೂ ಚಿಕಿತ್ಸೆ ಸಿಕ್ಕಿದೆ. ಅಬಕಾರಿ ವರಮಾನವನ್ನು ಪ್ರತಿ ಬಜೆಟ್ಟಿನಲ್ಲೂ ಲೆಕ್ಕಹಾಕುವ ರಾಜ್ಯಕ್ಕೆ ಈ ಲೆಕ್ಕವೂ ಸೇರಿದ್ದು.

ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರು ಊರೂರಲ್ಲಿ ನಡೆಸುವ ಮದ್ಯವರ್ಜನ ಶಿಬಿರಗಳ ಬಲವನ್ನೂ ನಾನು ಕಾಣುವುದು ಶಿಬಿರ ಮುಗಿದ ಮೇಲೆ ಬಿಟ್ಟವರನ್ನು ಒಟ್ಟುಗೂಡಿಸುವ ನವಜೀವನ ಸಮಿತಿಗಳಲ್ಲಿ. 1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ ಇಬ್ಬರು ಕುಡುಕರ ಭೇಟಿಯಿಂದ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಬೆಳೆದದ್ದೂ ಹೀಗೆಯೇ, ಬಿಟ್ಟವರು ಬಿಡುವವರ ಕೈಹಿಡಿದು. ಕೂಡಿಹಾಕಿ, ಹೊಡೆದು ಬಿಡಿಸುವ ಕೇಂದ್ರಗಳನ್ನು ಇವುಗಳ ಸಾಲಿಗೆ ಸೇರಿಸಲಾಗದು. 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯದ ದುರ್ಬಳಕೆಯಿಂದಾಗುವ ಮಾನಸಿಕ ತೊಂದರೆಗಳನ್ನೂ ಕಾಯಿಲೆಯೆಂದೇ ಎಣಿಸಿ, ರೋಗಿಯ ಘನತೆಗೆ ರಕ್ಷಣೆ ಕೊಟ್ಟಿದೆ.

ಕುಡಿಯುವವನು ಚಿಕಿತ್ಸೆಗೆ ಒಪ್ಪದೇ ಹೋದರೆ? ಆಗಲೂ ಶುರು ಮಾಡಬಹುದು, ಮನೆಯವರಿಂದ. ಅಮೆರಿಕದ ರಾಬರ್ಟ್ ಮೈಯರ್ಸ್ ರೂಪಿಸಿದ ಒಂದು ವಿಧಾನ ಮನೆಯವರಿಗೇ ತರಬೇತಿ ಕೊಡುತ್ತದೆ: ಕುಡಿಯದ ಹೊತ್ತಿನಲ್ಲಿ ಅಕ್ಕರೆಯಿಂದಿರುವುದು, ಕುಡಿದದ್ದರಿಂದ ಆದ ನಷ್ಟವನ್ನು ತಾವು ಮುಚ್ಚಿಹಾಕದಿರುವುದು, ಅವನು ಮೆತ್ತಗಾದ ಗಳಿಗೆಯಲ್ಲಿ ಚಿಕಿತ್ಸೆಯ ಮಾತೆತ್ತುವುದು, ಕೈಮಾಡಿದರೆ ಮೊದಲು ತಮ್ಮ ಸುರಕ್ಷತೆ ನೋಡಿಕೊಳ್ಳುವುದು. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಲು ಕುಡಿಯುವವನೇ ಬೇಕೆಂದಿಲ್ಲ. ಹೆಂಡತಿ ಕನ್ನಡದಲ್ಲೇ ಮಾತಾಡಿ ಸಲಹೆ ಪಡೆಯಬಹುದು. ಕರೆ ಮಾಡಿದ್ದೇನೆಂದು ಅವನಿಗೂ ಹೇಳಬಹುದು.